ಶಾಲೆಯ ಆಯ್ಕೆ: ಒಂದು ವಿವೇಚನೆ

ಮಗುವು ಯಾವ ಶಾಲೆಯಲ್ಲಿ ಓದಬೇಕೆಂಬುದನ್ನು ನಿರ್ಧರಿಸುವವರು ಯಾರು? ತಂದೆತಾಯಿಗಳೇ, ಸರ್ಕಾರವೇ, ಅಥವಾ ಮನೆಗೂ ಶಾಲೆಗೂ ನಡುವಿನ ಹಾದಿಯೇ? ಮೇಲುನೋಟಕ್ಕೆ ಸರಳವಾಗಿ ತೋರುವ ಈ ಪ್ರಶ್ನೆಯು ಕಳೆದ ಹದಿನೈದು ವರ್ಷಗಳಲ್ಲಿ ಕರ್ನಾಟಕದ ಶಿಕ್ಷಣ ನೀತಿಯನ್ನು ಬಹುವಾಗಿ ಕಾಡಿದೆ. ಸಚಿವ ಸಂಪುಟದಲ್ಲಿ ಅದರ ಚರ್ಚೆಯಾಗಿದೆ. ಉಚ್ಚ ನ್ಯಾಯಾಲಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ವಾದ ಪ್ರತಿವಾದಗಳು ನಡೆದಿವೆ. ಆದರೆ ಅಲ್ಲಿ ಆದ ತೀರ್ಮಾನಗಳ ಫಲವನ್ನು ಉಣ್ಣುವವರು ಹೊಣಕೆರೆಯಂತಹ ಹೋಬಳಿಯ ಮಕ್ಕಳು. ಆದ್ದರಿಂದ ಈ ವಿಷಯವನ್ನು ಹೋಬಳಿಯ ಮಟ್ಟದಿಂದಲೇ ನೋಡುವುದು ಯುಕ್ತವಾಗಿದೆ.

ಹೋಬಳಿಗೂ ಶಾಲೆಗೂ ಇರುವ ನಂಟು ಹಳೆಯದು. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಅವರು 1868ರಲ್ಲಿ ಮುಂದಿಟ್ಟ ಹೋಬಳಿ ಶಾಲೆಗಳ ಯೋಜನೆಯು ಪ್ರತಿಯೊಂದು ಹೋಬಳಿಗೂ ಒಂದು ಶಾಲೆ ಇರಬೇಕೆಂಬ ಗುರಿಯನ್ನು ಹೊಂದಿದ್ದಿತು. ಶಾಸನಗಳ ಸಂಶೋಧಕರೆಂದು ಕನ್ನಡಿಗರು ಗೌರವಿಸುವ ರೈಸ್ ಅವರು ವೃತ್ತಿಯಿಂದ ಶಿಕ್ಷಣ ಇಲಾಖೆಯವರೆಂಬುದು ಅನೇಕರಿಗೆ ಮರೆತೇಹೋಗಿದೆ. ಅಂದಿನ ಚಿಂತೆ ಶಾಲೆಯನ್ನು ಆರಿಸಿಕೊಳ್ಳುವುದಾಗಿರಲಿಲ್ಲ. ಶಾಲೆಯೆಂಬುದು ಇರುವಂತೆ ಮಾಡುವುದಾಗಿದ್ದಿತು. ಅನಂತರ 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಸಂಸ್ಥಾನವು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಶಾಸನವನ್ನು ತಂದಿತು. ಹೀಗೆ ಒಂದು ಶತಮಾನದ ಕಾಲ ಸರ್ಕಾರದ ಪ್ರಯತ್ನವೆಲ್ಲವೂ ಮಗುವಿನ ಸಮೀಪಕ್ಕೆ ಶಾಲೆಯನ್ನು ತರುವುದರಲ್ಲಿಯೇ ವಿನಿಯೋಗವಾಯಿತು. 1964ರಿಂದ 66ರವರೆಗೆ ಕಾರ್ಯ ನಡೆಸಿದ ಕೊಠಾರಿ ಆಯೋಗವು ಇದಕ್ಕೆ ಒಂದು ತಾತ್ವಿಕ ರೂಪವನ್ನು ಕೊಟ್ಟಿತು. ಜಾತಿ, ಮತ, ಹಣ ಎಂಬ ಭೇದವಿಲ್ಲದೆ ಒಂದು ನೆರೆಹೊರೆಯ ಮಕ್ಕಳೆಲ್ಲರೂ ಒಂದೇ ಶಾಲೆಯಲ್ಲಿ ಕೂಡಿ ಕಲಿಯಬೇಕೆಂಬ ನೆರೆಹೊರೆಯ ಶಾಲೆಯ ಆದರ್ಶವನ್ನು ಅದು ಎತ್ತಿಹಿಡಿಯಿತು.

ಇದಕ್ಕೆ ಎದುರಾದ ವಿಚಾರಧಾರೆಯೂ ಅದೇ ಕಾಲದ್ದೇ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಸರ್ಕಾರವು ಶಿಕ್ಷಣಕ್ಕೆ ಹಣವನ್ನು ಒದಗಿಸಬೇಕಾದರೂ ಶಾಲೆಗಳನ್ನು ತಾನೇ ನಡೆಸಬೇಕಾಗಿಲ್ಲವೆಂದು ವಾದಿಸಿದನು. ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಮೊತ್ತದ ಚೀಟಿಯನ್ನು ಪೋಷಕರ ಕೈಗೆ ಕೊಟ್ಟರೆ, ಅವರು ತಮಗೆ ಬೇಕಾದ ಶಾಲೆಯನ್ನು ಆರಿಸಿಕೊಳ್ಳುವರು. ಮಕ್ಕಳನ್ನು ಸೆಳೆಯಬೇಕಾದ ಶಾಲೆಗಳು ತಾವಾಗಿಯೇ ಉತ್ತಮಗೊಳ್ಳುವುವು ಎಂಬುದು ಆ ವಾದದ ತಿರುಳು. ಓಚರ್ ಎಂದು ಹೆಸರಾದ ಈ ಪದ್ಧತಿಯನ್ನು ಚಿಲಿ ದೇಶವು 1981ರಿಂದ ರಾಷ್ಟ್ರವ್ಯಾಪಿಯಾಗಿ ಜಾರಿಗೆ ತಂದಿತು.

ಹೊಣಕೆರೆ ಹೋಬಳಿಯ ಒಂದು ಸಣ್ಣ ಹಳ್ಳಿಯಲ್ಲಿ ಈ ವಾದವನ್ನು ಇಟ್ಟು ನೋಡಬಹುದು. ಮಂಡ್ಯ ಜಿಲ್ಲೆ ಎಂದೊಡನೆ ನಾಲೆ, ಕಬ್ಬು, ಬತ್ತಗಳು ನೆನಪಾಗುತ್ತವೆ. ನಾಗಮಂಗಲ ತಾಲ್ಲೂಕಿನ ಬಹುಭಾಗಕ್ಕೆ ಈ ಚಿತ್ರ ಸಲ್ಲದು. ಇಲ್ಲಿಯದು ರಾಗಿ, ಹುರುಳಿ, ತೆಂಗುಗಳ, ಮಳೆಯನ್ನೇ ಬಹುಮಟ್ಟಿಗೆ ನೆಚ್ಚಿದ ಬೇಸಾಯ. ದುಡಿಮೆಯನ್ನು ಅರಸಿ ಬೆಂಗಳೂರಿಗೆ ಹೋದವರು ಮಕ್ಕಳನ್ನೂ ಅಲ್ಲಿಗೇ ಕರೆದೊಯ್ಯುತ್ತಾರೆ. 2001ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ 17,63,705, 2011ರಲ್ಲಿ 18,05,769. ಹತ್ತು ವರ್ಷಗಳಲ್ಲಿ ಹೆಚ್ಚಿದುದು ನೂರಕ್ಕೆ ಎರಡೂವರೆಗೂ ಕಡಿಮೆ. ಹುಟ್ಟುವ ಮಕ್ಕಳೂ ಮೊದಲಿನಷ್ಟಿಲ್ಲ. ಒಂದು ಕಾಲದಲ್ಲಿ ಕೊಠಡಿ ಸಾಲದೆ ಜಗಲಿಯ ಮೇಲೆ ಪಾಠ ನಡೆಯುತ್ತಿದ್ದಂತಹ ಶಾಲೆಗಳಲ್ಲಿ ಈಗ ಕೊಠಡಿಗಳಿವೆ, ಮಕ್ಕಳಿಲ್ಲ. ಇಂತಹ ಸೀಮೆಯಲ್ಲಿ ಹೊಸದೊಂದು ಶಾಲೆ ತೆರೆದರೆ ಅದು ಶಾಲೆಯಿಲ್ಲದ ಮಗುವಿಗಾಗಿ ತೆರೆದುದಾಗಿರುವುದು ಅಪರೂಪ. ಈಗಾಗಲೇ ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿರುವ ಮಗುವನ್ನೇ ಅದು ಕರೆಯಬೇಕಾಗುತ್ತದೆ. ಆಯ್ಕೆಯನ್ನು ಕುರಿತ ಪುಸ್ತಕದ ವಾದಗಳು ಮಕ್ಕಳ ಸಂಖ್ಯೆ ಏರುತ್ತಿರುವ ನಗರಗಳನ್ನು ನೋಡಿ ಬರೆದವುಗಳೆಂಬುದನ್ನು ಮರೆಯಬಾರದು.

ಭಾರತದಲ್ಲಿ ಬಡವರ ಮಕ್ಕಳಿಗೆ ಶಾಲೆಯ ಆಯ್ಕೆಯನ್ನು ಕಾನೂನಿನ ಮೂಲಕ ಒದಗಿಸಿದ ಮೊದಲ ದೊಡ್ಡ ಪ್ರಯತ್ನವೆಂದರೆ 2009ರ ಶಿಕ್ಷಣ ಹಕ್ಕು ಅಧಿನಿಯಮ. ಅದು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ 12(1)(ಸಿ) ಪ್ರಕರಣದ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ತಮ್ಮ ಪ್ರವೇಶ ತರಗತಿಯಲ್ಲಿ ನೂರಕ್ಕೆ 25 ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಸಮುದಾಯಗಳ ಮಕ್ಕಳಿಗೆ ಮೀಸಲಿಡಬೇಕು. ಆ ಮಕ್ಕಳ ವೆಚ್ಚವನ್ನು ಸರ್ಕಾರ ಭರಿಸಬೇಕು. ಸರ್ವೋಚ್ಚ ನ್ಯಾಯಾಲಯವು 2012ರ ಏಪ್ರಿಲ್ 12ರಂದು ಇದನ್ನು ಎತ್ತಿಹಿಡಿಯಿತು. ಅದೇ ತಿಂಗಳು ಕರ್ನಾಟಕದ ನಿಯಮಗಳು ಪ್ರಕಟವಾಗಿ, 2012-13ರಿಂದ ಪ್ರವೇಶ ಆರಂಭವಾಯಿತು. ಒಂದನೆಯ ತರಗತಿಗೆ ಸೇರಿದ ಮಗುವೊಂದಕ್ಕೆ ವರ್ಷಕ್ಕೆ 11,848 ರೂಪಾಯಿ, ಪೂರ್ವ ಪ್ರಾಥಮಿಕಕ್ಕೆ 5,924 ರೂಪಾಯಿಗಳ ಮಿತಿಯನ್ನು ಸರ್ಕಾರ ಗೊತ್ತುಮಾಡಿತು. ಮುಂದೆ ಇವು 16,000 ಮತ್ತು 8,000 ಆದವು. ಅರ್ಜಿಗಳು ಸ್ಥಾನಗಳಿಗಿಂತ ಹೆಚ್ಚಿದಾಗ ಲಾಟರಿ. ಕೂಲಿಯವರ ಮಗುವೂ ಕಾನ್ವೆಂಟಿನ ಟೈ ಕಟ್ಟಿಕೊಂಡು ಹೋಗುವುದು ಸಾಧ್ಯವಾಯಿತು. ಇದು ಸಣ್ಣ ವಿಷಯವಲ್ಲ. ಹಣವಿದ್ದವರಿಗೆ ಮಾತ್ರ ಇದ್ದ ಒಂದು ಬಾಗಿಲು ಬಡವರಿಗೂ ಸ್ವಲ್ಪಮಟ್ಟಿಗೆ ತೆರೆಯಿತು.

ಆದರೆ ಈ ಬಾಗಿಲು ಎಲ್ಲಿತ್ತು? ನೆರೆಹೊರೆ ಎಂಬುದಕ್ಕೆ ಹಳ್ಳಿಗಾಡಿನಲ್ಲಿ ಗ್ರಾಮದ ಎಲ್ಲೆ, ಪಟ್ಟಣದಲ್ಲಿ ವಾರ್ಡಿನ ಎಲ್ಲೆ ಎಂದು ಅರ್ಥವಾಯಿತು. ಖಾಸಗಿ ಶಾಲೆಗಳು ಇರುವುದು ತಾಲ್ಲೂಕು ಕೇಂದ್ರಗಳಲ್ಲಿ, ದೊಡ್ಡ ಊರುಗಳಲ್ಲಿ. ಅನುದಾನರಹಿತ ಶಾಲೆಯಿಲ್ಲದ ಹಳ್ಳಿಯ ಮಗುವಿಗೆ ಕಾನೂನು ಕೊಟ್ಟ ಆಯ್ಕೆಯು ಕಾಗದದಲ್ಲಿಯೇ ಉಳಿಯಿತು. ಅಂತಹ ಹಳ್ಳಿಯಲ್ಲಿ ಆಯ್ಕೆ ಮಾಡಿಕೊಂಡವರು ಬೆಳಗ್ಗೆ ಬರುವ ಹಳದಿ ಬಣ್ಣದ ಶಾಲಾ ವಾಹನಕ್ಕೆ ಹಣ ತೆರಬಲ್ಲವರು ಮಾತ್ರ.

ಯೋಜನೆ ಬೆಳೆದಂತೆ ಸರ್ಕಾರದ ಬೊಕ್ಕಸದಿಂದ ಖಾಸಗಿ ಶಾಲೆಗಳಿಗೆ ಹೋಗುವ ಹಣವೂ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಅದರ ಜೊತೆಯಲ್ಲಿಯೇ, ಸರ್ಕಾರವು ತನ್ನ ಶಾಲೆಗಳನ್ನು ತಾನೇ ಬರಿದುಮಾಡಲು ಹಣ ಕೊಡುತ್ತಿದೆಯೆಂಬ ಟೀಕೆಯೂ ಬೆಳೆಯಿತು. 2019ರ ಜನವರಿಯಲ್ಲಿ ರಾಜ್ಯವು ತನ್ನ ನಿಯಮಗಳಿಗೆ ತಿದ್ದುಪಡಿ ಮಾಡಿತು. ನೆರೆಹೊರೆಯಲ್ಲಿ ಸರ್ಕಾರಿ ಶಾಲೆ ಅಥವಾ ಅನುದಾನಿತ ಶಾಲೆ ಇರುವ ಕಡೆ ಅನುದಾನರಹಿತ ಶಾಲೆಯನ್ನು ಈ ಮೀಸಲಿಗೆ ಗುರುತಿಸತಕ್ಕದ್ದಲ್ಲ ಎಂಬುದು ಆ ತಿದ್ದುಪಡಿಯ ಸಾರ. ಲಕ್ಷಕ್ಕೂ ಮೀರಿದ್ದ ಸ್ಥಾನಗಳು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಕ್ಕೆ ಇಳಿದವು. ಪೋಷಕರ ಪರವಾಗಿ ಸಲ್ಲಿಸಿದ ಅರ್ಜಿಯನ್ನು ರಾಜ್ಯ ಉಚ್ಚ ನ್ಯಾಯಾಲಯವು 2019ರ ಮೇ 31ರಂದು ತಳ್ಳಿಹಾಕಿತು. ಸಮೀಪದಲ್ಲಿ ಶಾಲೆಯನ್ನು ಒದಗಿಸುವುದು ಸರ್ಕಾರದ ಮೊದಲ ಹೊಣೆ. ಆ ಹೊಣೆ ತೀರಿದ ಕಡೆ ಖಾಸಗಿ ಶಾಲೆಯನ್ನೇ ಕೇಳುವ ಹಕ್ಕು ಅನಿರ್ಬಂಧಿತವಲ್ಲ ಎಂಬ ನಿಲುವು ಅಲ್ಲಿ ಗೆದ್ದಿತು. ನೆರೆಯ ಮಹಾರಾಷ್ಟ್ರವು 2024ರ ಫೆಬ್ರವರಿಯಲ್ಲಿ ಇಂತಹದೇ ನಿಯಮವನ್ನು ಮಾಡಿದಾಗ ಮುಂಬಯಿ ಉಚ್ಚ ನ್ಯಾಯಾಲಯವು ಅದೇ ವರ್ಷದ ಜುಲೈ 19ರಂದು ಅದನ್ನು ರದ್ದುಪಡಿಸಿತು. ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪಿನಲ್ಲಿ ಕೈಹಾಕಲಿಲ್ಲ. ಒಂದೇ ಅಧಿನಿಯಮ, ಒಂದೇ ಬಗೆಯ ನಿಯಮ. ಕೃಷ್ಣೆಯ ಈಚೆಗೆ ಒಂದು ತೀರ್ಪು, ಆಚೆಗೆ ಇನ್ನೊಂದು!

ಈ ವ್ಯಾಜ್ಯದಲ್ಲಿ ಎರಡು ಪಕ್ಷಗಳಿಗೂ ಸತ್ಯದ ಒಂದೊಂದು ಪಾಲು ಇದೆ. ಸರ್ಕಾರದ ಪಕ್ಷದ ಸತ್ಯವನ್ನು ತಿಳಿಯಬೇಕಾದರೆ ಸಣ್ಣ ಶಾಲೆಯೊಂದು ಹೇಗೆ ಕ್ಷೀಣಿಸುತ್ತದೆ ಎಂಬುದನ್ನು ನೋಡಬೇಕು. ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. ಹಳ್ಳಿಯೊಂದರ ಶಾಲೆಯಲ್ಲಿ 64 ಮಕ್ಕಳಿದ್ದಾರೆಂದು ಭಾವಿಸಿದರೆ, ಐದು ಮಕ್ಕಳು ವರ್ಗಾವಣೆ ಪತ್ರ ಪಡೆದು ಪಟ್ಟಣದ ಶಾಲೆಗೆ ಹೋದೊಡನೆ ಮೂರನೆಯ ಶಿಕ್ಷಕರು ಹೆಚ್ಚುವರಿಯೆಂದು ಎಣಿಕೆಯಾಗಿ ಮರುಹೊಂದಾಣಿಕೆಯ ಪಟ್ಟಿಗೆ ಸೇರುತ್ತಾರೆ. ಉಳಿದ 59 ಮಕ್ಕಳ ಐದು ತರಗತಿಗಳನ್ನು ಇಬ್ಬರು ನಡೆಸಬೇಕು. ಅವರಲ್ಲಿ ಒಬ್ಬರು ಬಿಸಿಯೂಟದ ಲೆಕ್ಕ, ತರಬೇತಿ, ಜನಗಣತಿ, ಚುನಾವಣೆ ಎಂದು ಹೊರಟರೆ ಉಳಿಯುವವರು ಒಬ್ಬರೇ. ಇದನ್ನು ಕಂಡ ಮತ್ತೆ ಕೆಲವರು ತಮ್ಮ ಮಕ್ಕಳನ್ನು ಬಿಡಿಸಿಕೊಳ್ಳುತ್ತಾರೆ. ಅವರು ಮಾಡುವುದು ತಪ್ಪೆಂದು ಹೇಳಲಾಗದು. ಯಾವ ತಾಯಿಯೂ ಊರಿನ ಶಾಲೆ ಉಳಿಯಲೆಂದು ತನ್ನ ಮಗುವಿನ ಓದನ್ನು ಪಣಕ್ಕಿಡಳು. ಆದರೆ ಪ್ರತಿಯೊಬ್ಬರೂ ತಮಗೆ ಸರಿಯಾದುದನ್ನೇ ಮಾಡಿದಾಗಲೂ ಕೊನೆಗೆ ಶಾಲೆಯಲ್ಲಿ ಉಳಿಯುವವರು ವಾಹನದ ಹಣ ಕೊಡಲಾರದವರ ಮಕ್ಕಳು, ಅಜ್ಜಿಯ ಆಸರೆಯಲ್ಲಿರುವವರು, ಅಂಗವಿಕಲರಾಗಿ ದೂರ ಹೋಗಲಾರದವರು. ಶಾಲೆ ಮುಚ್ಚಿದ ದಿನ ಅವರಿಗೆ ಉಳಿಯುವ ಆಯ್ಕೆ ಶೂನ್ಯ. ಆಯ್ಕೆಯ ನೀತಿಯನ್ನು ಅಳೆಯುವಾಗ ಹೋದ ಮಗುವಿನ ಲಾಭವನ್ನಷ್ಟೇ ಅಲ್ಲ, ಉಳಿದ ಮಗುವಿನ ಸ್ಥಿತಿಯನ್ನೂ ಲೆಕ್ಕಕ್ಕೆ ತರಬೇಕಾದುದು ಈ ಕಾರಣದಿಂದ.

ಪೋಷಕರ ಪಕ್ಷದ ಸತ್ಯವೂ ಅಷ್ಟೇ ಗಟ್ಟಿಯಾದುದು. ಸಮೀಪದಲ್ಲಿ ಒಂದು ಶಾಲೆ ಇದೆ ಎಂಬುದೂ ಆ ಶಾಲೆಯಲ್ಲಿ ಪಾಠ ನಡೆಯುತ್ತಿದೆ ಎಂಬುದೂ ಒಂದೇ ಅಲ್ಲ. ತಿದ್ದುಪಡಿಯು ಶಾಲೆಯ ಇರುವಿಕೆಯನ್ನು ಮಾತ್ರ ನೋಡಿತು. ಅದರ ಶಿಕ್ಷಕರ ಸಂಖ್ಯೆಯನ್ನಾಗಲಿ ಮಕ್ಕಳ ಕಲಿಕೆಯನ್ನಾಗಲಿ ಕೇಳಲಿಲ್ಲ. ಹಣವಿದ್ದವರ ಆಯ್ಕೆಗೆ ಅದರಿಂದ ಯಾವ ಅಡ್ಡಿಯೂ ಬರಲಿಲ್ಲ. ಮೊದಲೇ ದುರ್ಬಲರಾದವರಿಗೆ ಮಾತ್ರ ನೆರೆಹೊರೆಯ ಶಾಲೆಯ ಆದರ್ಶವನ್ನು ಬೋಧಿಸುವುದು ಕೊಠಾರಿ ಆಯೋಗದ ಆಶಯವಾಗಿರಲಿಲ್ಲ.

ಖಾಸಗಿ ಶಾಲೆಗೆ ಹೋದ ಮಗು ಹೆಚ್ಚು ಕಲಿಯುವುದೇ ಎಂಬ ಪ್ರಶ್ನೆಗೆ ಪಕ್ಕದ ರಾಜ್ಯದಲ್ಲಿಯೇ ಒಂದು ಪರೀಕ್ಷೆ ನಡೆದಿದೆ. 2008ರಿಂದ ಆಂಧ್ರಪ್ರದೇಶದ 180 ಗ್ರಾಮಗಳಲ್ಲಿ, ಲಾಟರಿಯ ಮೂಲಕ ಆರಿಸಿದ ಸರ್ಕಾರಿ ಶಾಲೆಯ ಮಕ್ಕಳಿಗೆ ಖಾಸಗಿ ಶಾಲೆಯ ಶುಲ್ಕವನ್ನು ಕೊಟ್ಟು, ನಾಲ್ಕು ವರ್ಷಗಳ ಕಾಲ ಅವರ ಕಲಿಕೆಯನ್ನು ಅಳೆಯಲಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ವಿದ್ವಾಂಸರು 2015ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ತೆಲುಗು ಮತ್ತು ಗಣಿತದಲ್ಲಿ ಖಾಸಗಿ ಶಾಲೆಗೆ ಹೋದ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಯವರು ಸ್ಪಷ್ಟವಾಗಿ ಮುಂದಿದ್ದರು. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಆ ವಿಷಯ ಬಹುಮಟ್ಟಿಗೆ ಇರಲೇ ಇಲ್ಲ. ಆದರೆ ಖಾಸಗಿ ಶಾಲೆಗಳು ಪ್ರತಿ ಮಗುವಿಗೆ ಮಾಡಿದ ಖರ್ಚು ಸರ್ಕಾರಿ ಶಾಲೆಯ ಖರ್ಚಿನ ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಉಳಿದ ಮಕ್ಕಳಿಗೆ ಹಾನಿಯಾದ ಕುರುಹೂ ಸಿಗಲಿಲ್ಲ. ಈ ಫಲಿತಾಂಶವನ್ನು ಎರಡು ಪಕ್ಷದವರೂ ತಮ್ಮ ತಮ್ಮ ಕಡೆಗೆ ಎಳೆದುಕೊಂಡಿದ್ದಾರೆ. ಟೈ ಬೂಟುಗಳಿಂದ ಮಗುವಿನ ಗಣಿತ ಸುಧಾರಿಸದೆಂಬುದು ಒಂದು ಪಾಠ. ಖಾಸಗಿ ಶಾಲೆಯ ಕಡಿಮೆ ಸಂಬಳದ ಉಪಾಧ್ಯಾಯರು ಸ್ವಲ್ಪ ಹಣದಲ್ಲಿಯೇ ಅಷ್ಟು ಕಲಿಸಿದರೆಂಬುದು ಇನ್ನೊಂದು ಪಾಠ. ಉಳಿದವರಿಗೆ ಹಾನಿಯಾಗಲಿಲ್ಲವೆಂಬುದನ್ನು ಮಾತ್ರ ಎಚ್ಚರಿಕೆಯಿಂದ ಗ್ರಹಿಸಬೇಕು. ಅಲ್ಲಿ ಹೋದವರು ಲಾಟರಿಯಲ್ಲಿ ಗೆದ್ದ ಕೆಲವರು. ಮಕ್ಕಳ ಒಟ್ಟು ಸಂಖ್ಯೆಯೇ ಇಳಿಯುತ್ತಿರುವ, ಒಬ್ಬ ಶಿಕ್ಷಕರ ಹುದ್ದೆ ನಾಲ್ಕೈದು ಮಕ್ಕಳ ಮೇಲೆ ನಿಂತಿರುವ ಸೀಮೆಗೆ ಅದು ಹಾಗೆಯೇ ಅನ್ವಯಿಸದು.

ಇಷ್ಟಾಗಿಯೂ ನಾಗಮಂಗಲದ ಸೀಮೆಯ ಪೋಷಕರನ್ನು ಕೇಳಿದರೆ ಅವರು ಗಣಿತದ ಮಾತನ್ನು ಆಡುವುದು ಅಪೂರ್ವ. ಅವರು ಹೇಳುವ ಕಾರಣ ಒಂದೇ: ಇಂಗ್ಲಿಷು. ಕರ್ನಾಟಕದಲ್ಲಿ ಶಾಲೆಯ ಆಯ್ಕೆ ಎಂಬುದು ಬಹುಪಾಲು ಮಾಧ್ಯಮದ ಆಯ್ಕೆಯೇ ಆಗಿದೆ. 1994ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರವು ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು ಆದೇಶಿಸಿತು. 2008ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಖಾಸಗಿ ಅನುದಾನರಹಿತ ಶಾಲೆಗಳ ಮಟ್ಟಿಗೆ ತಳ್ಳಿಹಾಕಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಪ್ರಾಥಮಿಕ ಹಂತದ ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿಗೆ, ಅದರ ಪರವಾಗಿ ತಂದೆತಾಯಿಗಳಿಗೆ ಸೇರಿದುದೆಂದು ತೀರ್ಮಾನಿಸಿತು. ಅದೇ ದಿನ ಅದೇ ಪೀಠವು ಮತ್ತೊಂದು ಮೊಕದ್ದಮೆಯಲ್ಲಿ ಅಲ್ಪಸಂಖ್ಯಾತ ಶಾಲೆಗಳನ್ನು ಶಿಕ್ಷಣ ಹಕ್ಕು ಅಧಿನಿಯಮದಿಂದ ಹೊರಗಿಟ್ಟಿತು. ಆಯ್ಕೆಯ ಹಕ್ಕು ಹಿಗ್ಗಿದ ದಿನವೇ ಬಡ ಮಗುವು ಆರಿಸಿಕೊಳ್ಳಬಹುದಾದ ಶಾಲೆಗಳ ಪಟ್ಟಿ ಕುಗ್ಗಿತು.

ಆ ಬಳಿಕ ಸರ್ಕಾರವು ತನ್ನ ಶಾಲೆಗಳ ಒಳಗೇ ಆಯ್ಕೆಯನ್ನು ತರುವ ಹಾದಿ ಹಿಡಿಯಿತು. ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ನಡೆಸುವ ಕರ್ನಾಟಕ ಪಬ್ಲಿಕ್ ಶಾಲೆಗಳು 2018-19ರಲ್ಲಿ 176ರಿಂದ ಆರಂಭವಾದವು. ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನು ತೆರೆಯುವ ತೀರ್ಮಾನವು 2018ರ ಆಯವ್ಯಯದಲ್ಲಿ ಪ್ರಕಟವಾಗಿ, 2019-20ರಲ್ಲಿ ಜಾರಿಗೆ ಬಂದಿತು. 2019ರ ಜನವರಿಯಲ್ಲಿ ಧಾರವಾಡದಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ಇದಕ್ಕೆ ತೀವ್ರ ವಿರೋಧ ವ್ಯಕ್ತವಾಯಿತು. ಸಾಹಿತಿಗಳ ಆತಂಕ ನಿರಾಧಾರವಾದುದಲ್ಲ. ಆದರೆ ವಿರೋಧಿಸಿದವರಲ್ಲಿ ಎಷ್ಟು ಮಂದಿಯ ಮೊಮ್ಮಕ್ಕಳು ಕನ್ನಡ ಶಾಲೆಯಲ್ಲಿದ್ದರೆಂಬ ಪ್ರಶ್ನೆಯನ್ನು ಹಳ್ಳಿಯವರು ಕೇಳಿದರೆ ಅದೂ ಅನುಚಿತವೆನ್ನಲಾಗದು.

ಮಠಮಾನ್ಯಗಳ ಶಾಲೆಗಳು ಈ ಚರ್ಚೆಯಲ್ಲಿ ನಿಲ್ಲುವ ಸ್ಥಾನ ವಿಶಿಷ್ಟವಾದುದು. ಸಾರ್ವಜನಿಕರ ಹಣ, ಖಾಸಗಿ ಆಡಳಿತ, ಬಡವನಿಗೂ ಎಟಕುವ ವೆಚ್ಚ ಎಂಬ ಸೂತ್ರವನ್ನು ಓಚರಿನ ಪ್ರತಿಪಾದಕರು ಹೊಸ ಶೋಧವೆಂಬಂತೆ ಹೇಳುತ್ತಾರೆ. 1854ರ ವುಡ್ ಪತ್ರದಿಂದ ಮೊದಲಾದ ಅನುದಾನ ಪದ್ಧತಿಯು ಈ ನಾಡಿನಲ್ಲಿ ಅದನ್ನು ಬಹು ಹಿಂದೆಯೇ ಆಚರಣೆಗೆ ತಂದಿತ್ತು. ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1954ರಲ್ಲಿ ಸ್ಥಾಪನೆಯಾಯಿತು. ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಅನ್ನ, ಆಶ್ರಯ, ಅಕ್ಷರಗಳನ್ನು ಕೊಟ್ಟುದು ನಾಡಿಗೆಲ್ಲ ತಿಳಿದುದೇ. ನಾಗಮಂಗಲ ತಾಲ್ಲೂಕಿನಲ್ಲಿಯೇ ಆದಿಚುಂಚನಗಿರಿ ಮಠದ ಶಿಕ್ಷಣ ಸಂಸ್ಥೆಗಳು 1970ರ ದಶಕದಿಂದ ಬೆಳೆದು ಬಂದವು. ಪ್ರೌಢಶಾಲೆಯಿಲ್ಲದ ಹಳ್ಳಿಯ ಹುಡುಗನಿಗೆ ಉಚಿತ ವಿದ್ಯಾರ್ಥಿನಿಲಯವೇ ಅಂದಿನ ಶಾಲೆಯ ಆಯ್ಕೆ. ಹೊಸ ಶಾಲೆಗಳಿಗೆ ಅನುದಾನ ನಿಂತುಹೋದ ಮೇಲೆ ಈ ಮಾದರಿ ಬೆಳೆಯಲಿಲ್ಲ. 1995ರ ಅನಂತರ ಆರಂಭವಾದ ಕನ್ನಡ ಶಾಲೆಗಳು ಅನುದಾನಕ್ಕಾಗಿ ವರ್ಷಗಟ್ಟಲೆ ಮೊರೆಯಿಡಬೇಕಾಯಿತು. ನೆದರ್ಲೆಂಡ್ಸ್ ದೇಶವು 1917ರಲ್ಲಿ ಸಂವಿಧಾನವನ್ನೇ ತಿದ್ದಿ, ಧಾರ್ಮಿಕ ಸಂಸ್ಥೆಗಳ ಶಾಲೆಗಳಿಗೂ ಸರ್ಕಾರಿ ಶಾಲೆಗಳಿಗೂ ಸಮಾನ ಧನಸಹಾಯ ಕೊಡಲು ಒಪ್ಪಿತು. ಅತ್ತ ಚಿಲಿಯು ಓಚರ್ ಪದ್ಧತಿಯ ಮೂರು ದಶಕಗಳ ಬಳಿಕ, 2015ರಲ್ಲಿ, ಸರ್ಕಾರದ ಹಣ ಪಡೆಯುವ ಶಾಲೆಗಳು ಮಕ್ಕಳನ್ನು ಆರಿಸುವುದನ್ನೂ ಪೋಷಕರಿಂದ ಮೇಲುಶುಲ್ಕ ಎತ್ತುವುದನ್ನೂ ಕ್ರಮೇಣ ನಿಲ್ಲಿಸಲು ಶಾಸನ ಮಾಡಬೇಕಾಯಿತು. ಪೋಷಕರು ಶಾಲೆಯನ್ನು ಆರಿಸುವ ಬದಲು ಶಾಲೆಯೇ ಪೋಷಕರನ್ನು ಆರಿಸತೊಡಗಿತ್ತೆಂಬುದು ಅಲ್ಲಿಯ ದೂರು. ಜಾಣ ಮಕ್ಕಳನ್ನು ಸೋಸಿ ತೆಗೆದು ಫಲಿತಾಂಶದ ಫಲಕವನ್ನು ತೂಗುಹಾಕುವ ಚಪಲ ಎಲ್ಲ ದೇಶದ ಶಾಲೆಗಳಿಗೂ ಉಂಟು.

2019ರ ತಿದ್ದುಪಡಿಯು ಅನುದಾನಿತ ಶಾಲೆಯನ್ನು ಸರ್ಕಾರಿ ಶಾಲೆಯ ಸಾಲಿನಲ್ಲಿಯೇ ನಿಲ್ಲಿಸಿತು. ಎಂದರೆ ಊರಿನಲ್ಲಿ ಅನುದಾನಿತ ಶಾಲೆಯೊಂದು ಇದೆಯೆಂಬ ಕಾರಣಕ್ಕೇ ಅಲ್ಲಿಯ ಬಡ ಮಗುವಿಗೆ ಖಾಸಗಿ ಶಾಲೆಯ ಬಾಗಿಲು ಮುಚ್ಚಿತು. ಆ ಮಗುವಿಗೆ ಇನ್ನು ಈ ಶಾಲೆಯೇ ಗತಿ. ಆಗ ಆ ಶಾಲೆಯು ಪ್ರವೇಶ ಪರೀಕ್ಷೆ ಮಾಡುವುದಾಗಲಿ, ಕಟ್ಟಡ ನಿಧಿಯ ಹೆಸರಿನಲ್ಲಿ ಬಡ ಪೋಷಕನ ಮುಂದೆ ರಸೀದಿ ಪುಸ್ತಕ ಹಿಡಿಯುವುದಾಗಲಿ ಅಧಿನಿಯಮದ 13ನೆಯ ಪ್ರಕರಣಕ್ಕೆ ವಿರುದ್ಧವಾಗುವುದಷ್ಟೇ ಅಲ್ಲ, ಕಾನೂನು ಅದರ ಮೇಲೆ ಇಟ್ಟ ನಂಬಿಕೆಗೇ ವಿರುದ್ಧವಾಗುತ್ತದೆ. ದಾನಿಗಳ ಹಣ ಹೊಸ ಮುಖಮಂಟಪಕ್ಕೆ ಹೋಗಬೇಕೋ, ನಿವೃತ್ತರಾದ ಗಣಿತ ಶಿಕ್ಷಕರ ಖಾಲಿ ಹುದ್ದೆಗೆ ತಾತ್ಕಾಲಿಕ ಸಂಬಳವಾಗಬೇಕೋ ಎಂಬುದೂ ಶಾಲೆಯ ಆಯ್ಕೆಯ ನೀತಿಗೇ ಸೇರಿದ ಪ್ರಶ್ನೆ. ಹಾದಿಯ ವಿಷಯವೂ ಹಾಗೆಯೇ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಕೊಡತೊಡಗಿದ ಬೈಸಿಕಲ್ಲು, 2023ರ ಜೂನ್‌ನಲ್ಲಿ ಬಂದ ಮಹಿಳೆಯರ ಉಚಿತ ಬಸ್ ಪ್ರಯಾಣ ಇವು ಶಾಲೆಯ ಆಯ್ಕೆಯ ಹೆಸರಿನಲ್ಲಿ ಬಂದವಲ್ಲ. ಆದರೆ ಹಳ್ಳಿಯ ಹೆಣ್ಣುಮಗುವಿಗೆ ಇನ್ನೊಂದು ಊರಿನ ಪ್ರೌಢಶಾಲೆಯನ್ನು ಹತ್ತಿರ ತಂದವು.

ತಕ್ಷಣವೇ ಗಮನಿಸಬೇಕಾದ ಸಂಗತಿಯೊಂದಿದೆ. ಸರ್ಕಾರವು ಖಾಸಗಿ ಶಾಲೆಗೆ ಕೊಡುವ ವೆಚ್ಚ ಎಂಟನೆಯ ತರಗತಿಗೆ ಮುಗಿಯುತ್ತದೆ. ಒಂಬತ್ತನೆಯ ತರಗತಿಯ ಶುಲ್ಕವನ್ನು ಪೋಷಕರೇ ಕಟ್ಟಬೇಕು. ತಿದ್ದುಪಡಿಗೆ ಮುಂಚಿನ ಕೊನೆಯ ದೊಡ್ಡ ತಂಡ 2018-19ರಲ್ಲಿ ಸೇರಿದುದು. ಅವರಲ್ಲಿ ಒಂದನೆಯ ತರಗತಿಗೆ ಸೇರಿದವರು 2026-27ರಲ್ಲಿಯೂ, ಪೂರ್ವ ಪ್ರಾಥಮಿಕಕ್ಕೆ ಸೇರಿದವರು 2028-29ರಲ್ಲಿಯೂ ಒಂಬತ್ತನೆಯ ತರಗತಿಯನ್ನು ಮುಟ್ಟುವರು. ಎಂಟು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಶುಲ್ಕ ಕಟ್ಟಲಾರದೆ ವರ್ಗಾವಣೆ ಪತ್ರ ಹಿಡಿದು ಅನುದಾನಿತ ಪ್ರೌಢಶಾಲೆಯ ಬಾಗಿಲಿಗೆ ಬರುವ ಮಗುವಿಗೆ ಸಮಾಜ ವಿಜ್ಞಾನ, ವಿಜ್ಞಾನಗಳ ಕನ್ನಡ ಪರಿಭಾಷೆ ಹೊಸದು. ಎರಡೇ ವರ್ಷಗಳಲ್ಲಿ ಹತ್ತನೆಯ ತರಗತಿಯ ಪರೀಕ್ಷೆ. ಅಂತಹ ಮಕ್ಕಳಿಗಾಗಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಆರು ವಾರಗಳ ಸೇತುಬಂಧ ತರಗತಿಯೊಂದನ್ನು ಏರ್ಪಡಿಸಲು ಬೇಕಾದುದು ಇಬ್ಬರು ಉಪಾಧ್ಯಾಯರು, ಎರಡು ಭಾಷೆಗಳಲ್ಲಿಯೂ ಅಚ್ಚಾದ ಪಾರಿಭಾಷಿಕ ಪದಗಳ ಒಂದು ಕಿರುಹೊತ್ತಿಗೆ, ಮತ್ತು ಮಧ್ಯಾಹ್ನದ ಊಟ. ಹಳೆಯ ವಿದ್ಯಾರ್ಥಿಗಳಲ್ಲಿ ನಿವೃತ್ತ ಶಿಕ್ಷಕರಾದವರು ಹೋಬಳಿಗೆ ಇಬ್ಬರು ಮುಂದೆ ಬಂದರೂ, ಆ ತರಗತಿಗಳನ್ನು ಜೂನ್‌ಗೆ ಮೊದಲು ಮುಗಿಸಲು ಸಾಧ್ಯವಿದೆ.